ದೊಡ್ಡಪ್ಪ ಹೇಳದ ಮಾತು

ಸಮಾಜಶಾಸ್ತ್ರ ವಿಭಾಗದ ಮೂರನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಎದುರಿಗೂ ಅನ್ನುತ್ತಿದ್ದರು, ಬೆನ್ನ ಹಿಂದೆಯೂ ಅನ್ನುತ್ತಿದ್ದರು; ಆ ಮಟ್ಟಿಗೆ ಪ್ರಾಮಾಣಿಕ ಜನ. ಓದುವ ಕಾಲದಲ್ಲಿ ಒಬ್ಬ ಮೇಷ್ಟರನ್ನೂ ಬಿಡದೆ ಅಣಕಿಸಿದವಳು ಅವಳು. ಗ್ರಂಥಪಾಲಕರ ಕೆಮ್ಮು, ಪ್ರಾಂಶುಪಾಲರ ‘ಅಂದ್ರೆ ಏನಪ್ಪಾ ಅಂದ್ರೆ’, ಲಿಫ್ಟು ನಿಲ್ಲುವಾಗ ಬಿಡುವ ನಿಟ್ಟುಸಿರು, ಎಲ್ಲವೂ ಅವಳ ಗಂಟಲಲ್ಲಿ ವಾಸವಾಗಿದ್ದವು. ಈಗ ವಯಸ್ಸು ನಲವತ್ತೊಂದು. ಆಗ ಹೊಟ್ಟೆ ಹಿಡಿದುಕೊಂಡು ನಕ್ಕವರೆಲ್ಲ ಪದವಿ ಮುಗಿಸಿ, ಕೆಲಸ ಹಿಡಿದು, ದಿಕ್ಕಿಗೊಬ್ಬರಾಗಿದ್ದರು. ಇವಳದು ಏಳನೇ ವರ್ಷವೂ ಕಿಟಕಿ ಪಕ್ಕದ ಅದೇ ಮೇಜು. ‘ಡಾಕ್ಟರೇಟ್ ಬರೋ ಹೊತ್ತಿಗೆ ಡಾಕ್ಟರೇ ಬೇಕಾಗ್ತಾರೆ’ ಎಂದು ತಾನೇ ಅಂದುಕೊಂಡು, ನಗಲು ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಆ ಕೆಲಸವನ್ನೂ ತಾನೇ ಮಾಡಿಕೊಳ್ಳುತ್ತಿದ್ದಳು.

ಅವಳ ವಿಷಯ ಮನೆಗಳ್ಳತನ. ಯಾಕೆ ಕೆಲವರು ಕಂಡವರ ಮನೆ ಬೀಗ ಒಡೆಯುತ್ತಾರೆ? ಬಡತನವೇ, ಸಹವಾಸವೇ, ಅಪ್ಪನ ಬೆಲ್ಟೇ, ಬೀದಿಯೇ? ಶಿಕ್ಷೆ ಮುಗಿಸಿ ಹೊರಬಂದ ಹದಿನೆಂಟು ಮಂದಿಯನ್ನು ಹುಡುಕಿ, ಎದುರು ಕೂತು, ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡಿದ್ದಳು. ನಿಜವಾದ ಹೆಸರು ಎಲ್ಲೂ ಬರಕೂಡದು ಎಂಬುದು ವಿಭಾಗದ ನಿಯಮ. ಹಾಗಾಗಿ ಒಬ್ಬೊಬ್ಬರೂ ತಮಗೆ ಬೇಕಾದ ಅಡ್ಡಹೆಸರು ಇಟ್ಟುಕೊಂಡಿದ್ದರು. ಬಾಯಿ ಮುಚ್ಚದ ಒಬ್ಬ ‘ಸೈಲೆಂಟು’. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಇನ್ನೊಬ್ಬ ‘ಎಂ.ಎ.’. ಎಲ್ಲರಿಗಿಂತ ಹಿರಿಯ, ಅರವತ್ತೆರಡರ ಮನುಷ್ಯ, ಈಗ ಹೆಂಡತಿಯ ಜೊತೆ ಸೋಫಾಗಳಿಗೆ ಹೊಸ ಬಟ್ಟೆ ಹೊಲಿದು ಹಾಕುವ ಅಂಗಡಿ ಇಟ್ಟವನು, ‘ದೊಡ್ಡಪ್ಪ ಅಂತ ಬರ್ಕೋ. ಒಳಗಡೆ ಎಲ್ಲಾ ಹುಡುಗ್ರೂ ಹಂಗೇ ಕರೀತಿದ್ರು’ ಎಂದಿದ್ದ. ಸಂಶೋಧನೆಯ ಶಿಸ್ತು ಎಂದರೆ ಶಿಸ್ತು. ಅಂದಿನಿಂದ ಆ ಮನುಷ್ಯನನ್ನು ದೊಡ್ಡಪ್ಪ ಎಂದೇ ಕರೆಯಬೇಕಾಯಿತು. ಮೂರನೇ ಭೇಟಿಯ ಹೊತ್ತಿಗೆ ಬಾಯಿಗೂ ಅದು ಒಗ್ಗಿಹೋಯಿತು.

ರೆಕಾರ್ಡ್ ಆದ ಮಾತನ್ನು ಅಕ್ಷರಕ್ಕೆ ಇಳಿಸುವುದು ಕತ್ತೆ ದುಡಿತ. ಒಂದು ಗಂಟೆಯ ಮಾತಿಗೆ ಆರು ಗಂಟೆ ಕೂರಬೇಕು. ಗಿಣಿ ಅದಕ್ಕೆ ತನ್ನದೇ ದಾರಿ ಕಂಡುಕೊಂಡಿದ್ದಳು. ಬಾಡಿಗೆ ಮನೆಯ ಊಟದ ಮೇಜಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಒಂದೊಂದು ವಾಕ್ಯವನ್ನೂ ಅದೇ ದನಿಯಲ್ಲಿ, ಅದೇ ಎಳೆತದಲ್ಲಿ ಗಟ್ಟಿಯಾಗಿ ಹೇಳಿ ಆಮೇಲೆ ಟೈಪ್ ಮಾಡುತ್ತಿದ್ದಳು. ದನಿ ಹಿಡಿದರೆ ಮಾತು ತಪ್ಪುವುದಿಲ್ಲ ಎಂಬುದು ಅವಳ ಲೆಕ್ಕ. ಹೀಗೆ ಎರಡು ವರ್ಷ ಆ ಮನೆಯಲ್ಲಿ ಹದಿನೆಂಟು ಜನ ಗಂಡಸರು ಮಾತಾಡಿದ್ದರು. ಗೋಡೆಯಾಚೆಯ ಮನೆಯಾಕೆ ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಿ, ‘ನಿಮ್ಮನೇಲಿ ನೆಂಟರು ಜಾಸ್ತಿ ಅಲ್ವಾ?’ ಎಂದು ಓರೆಗಣ್ಣಲ್ಲಿ ಕೇಳಿದ್ದಳು. ‘ಬರ್ತಾರೆ, ಆದ್ರೆ ಒಬ್ರೂ ಉಳ್ಕೊಳ್ಳಲ್ಲ’ ಎಂದಿದ್ದಳು ಗಿಣಿ.

ದೊಡ್ಡಪ್ಪನ ಮೂರನೇ ರೆಕಾರ್ಡಿನಲ್ಲಿ ಸಿಕ್ಕಿತ್ತು ಆ ಮಾತು:

‘ಹಗಲು ಹನ್ನೆರಡು ಗಂಟೆ. ಎಲ್ರೂ ಕೆಲಸಕ್ಕೆ ಹೋಗಿರ್ತಾರೆ. ಬೀಗ ತೆಗೆದು ಒಳಗೆ ಹೋದ್ರೆ ಮೊದ್ಲು ಏನೂ ಮುಟ್ಟುತಿರ್ಲಿಲ್ಲ. ಒಂದು ಕುರ್ಚಿ ಎಳ್ಕೊಂಡು ಕೂತ್ಕೋತಿದ್ದೆ. ಒಳಗಿನಿಂದ ಯಾರಾದ್ರೂ “ಬಂದ್ಯಾ?” ಅಂತ ಕೇಳ್ತಾರೇನೋ ಅಂತ ಒಂದು ಗಳಿಗೆ ಕಾಯ್ತಿದ್ದೆ.’

ಅವಳ ಪ್ರೊಫೆಸರು ಗೈಡು ಎನ್ನುವುದಕ್ಕಿಂತ ಗೈರು. ವರ್ಷಕ್ಕೆ ನಾಲ್ಕು ಸಲ ಮುಖ ತೋರಿಸಿದರೆ ಹೆಚ್ಚು. ಆದರೆ ಈ ಐದು ಸಾಲು ಓದಿದ ದಿನ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ‘ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ಬಡತನ, ನಿರುದ್ಯೋಗ ಎಲ್ಲರೂ ಬರೀತಾರಮ್ಮ. ಇದು ಬೇರೆ. ಕದಿಯೋಕೆ ಅಲ್ಲ, ಮನೆ ಹುಡುಕಿಕೊಂಡು ಹೋಗ್ತಾನೆ ಮನುಷ್ಯ!’ ಆ ಮಾತಿನ ಸುತ್ತ ನಾಲ್ಕನೇ ಅಧ್ಯಾಯ ಎದ್ದಿತು. ತೊಂಬತ್ತು ಪುಟ. ಪ್ರಬಂಧದ ತಲೆಬರಹವೂ ಅದೇ ಆಯಿತು: ‘ಬಂದ್ಯಾ? ಮನೆಗಳ್ಳತನದ ಸಾಮಾಜಿಕ ಬೇರುಗಳು’.

ಸಲ್ಲಿಸಲು ಇನ್ನು ಒಂಬತ್ತು ದಿನ. ಮೂರು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು, ನಾಲ್ಕನೆಯದು ಕೊಡುವುದಿಲ್ಲ ಎಂದು ಕಚೇರಿಯಿಂದ ಪತ್ರ ಬಂದಿತ್ತು. ತಪ್ಪಿದರೆ ನೋಂದಣಿ ರದ್ದು, ಏಳು ವರ್ಷ ನೀರಲ್ಲಿ ಹೋಮ. ಉಳಿದದ್ದು ಒಂದೇ ಕೆಲಸ. ಯಾರ ಮಾತೋ ಅವರಿಗೇ ಓದಿ ಕೇಳಿಸಿ, ಪುಟಪುಟಕ್ಕೂ ಸಹಿ ಹಾಕಿಸಿಕೊಳ್ಳಬೇಕು. ಹದಿನೇಳು ಜನರದು ಮುಗಿದಿತ್ತು. ಕೈತುಂಬ ಕೆಲಸವಿದ್ದ ದೊಡ್ಡಪ್ಪನೊಬ್ಬ ಬಾಕಿ.

ಅಂಗಡಿಯಲ್ಲಿ ಮೂರು ಸೋಫಾಗಳು ಚರ್ಮ ಸುಲಿಸಿಕೊಂಡು, ಸ್ಪ್ರಿಂಗು ತೋರಿಸುತ್ತ ನಿಂತಿದ್ದವು. ಹೆಂಡತಿ ಹೊಲಿಗೆ ಯಂತ್ರದ ಮುಂದೆ. ದೊಡ್ಡಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡು ಒಂದು ಕುರ್ಚಿಯ ಬೆನ್ನಿಗೆ ಬಟ್ಟೆ ಬಡಿಯುತ್ತಿದ್ದ.

‘ಬಾಮ್ಮಾ ಮಗಳೇ. ಕೂತ್ಕೋ. ಅದ್ರ ಮೇಲಲ್ಲ, ಚುಚ್ಚುತ್ತೆ.’

‘ಕನ್ನಡಕ ಇದ್ಯಾ ದೊಡ್ಡಪ್ಪ? ನೀವೇ ಓದ್ತೀರಾ?’

‘ನೀನೇ ಓದು. ನಂಗೆ ಅಕ್ಷರ ಕಂಡ್ರೆ ಕೋರ್ಟು ನೆನಪಾಗುತ್ತೆ.’

ಗಿಣಿ ಓದತೊಡಗಿದಳು. ಎರಡು ಸಾಲು ತನ್ನ ದನಿಯಲ್ಲಿ ಓದಿದಳು. ಮೂರನೆಯದಕ್ಕೆ ಅಭ್ಯಾಸಬಲ ತಡೆಯಲಿಲ್ಲ. ಗಂಟಲು ತಾನಾಗಿ ಕೆಳಗಿಳಿಯಿತು, ‘ಹಂಗಲ್ಲ ಕಣಮ್ಮ’ ಎಂಬುದು ಮೂಗಿನಿಂದ ಬಂತು. ಹೆಂಡತಿ ಯಂತ್ರ ನಿಲ್ಲಿಸಿ ತಿರುಗಿ ನೋಡಿದಳು.

‘ಅಯ್ಯಯ್ಯೋ, ನೀವಲ್ವಾ ಮಾತಾಡಿದ್ದು?’

‘ನನ್ ಬಾಯಲ್ಲಿ ಮೊಳೆ ಇದೆ ಕಣೇ.’

‘ಒಬ್ಬರನ್ನ ಸಂಭಾಳಿಸೋದೇ ಸಾಕಾಗಿದೆ. ಈಗ ಇಬ್ರಾ!’

ಮೂವರೂ ನಕ್ಕರು. ಗಿಣಿಗೆ ಎಷ್ಟೋ ದಿನದ ಮೇಲೆ ಹುಮ್ಮಸ್ಸು ಬಂತು. ಅವನ ಕೆಮ್ಮು ಸೇರಿಸಿದಳು, ತಲೆ ಕೆರೆದುಕೊಳ್ಳುವುದನ್ನು ಸೇರಿಸಿದಳು, ಪುಟಗಳು ಉರುಳಿದವು. ‘ಒಂದು ಕುರ್ಚಿ ಎಳ್ಕೊಂಡು ಕೂತ್ಕೋತಿದ್ದೆ’ ಎಂಬಲ್ಲಿಗೆ ಬಂದಾಗ ಸುತ್ತಿಗೆ ನಿಂತಿತು. ಅವಳು ಕೊನೆಯ ಸಾಲಿನವರೆಗೂ ಓದಿ ಮುಗಿಸಿದಳು.

ದೊಡ್ಡಪ್ಪ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ.

‘ಇದು ನಾನ್ ಹೇಳಿದ್ದಲ್ಲ.’

‘ಹೇಳಿದ್ರಿ ದೊಡ್ಡಪ್ಪ. ಮೂರನೇ ಸಲ ಬಂದಾಗ.’

‘ಕಳ್ಳತನಕ್ಕೆ ಹೋದೋನು ಕುರ್ಚಿ ಮೇಲೆ ಕೂತ್ಕೋತಾನಾ ಮಗಳೇ? ಆ ಹೊತ್ತಲ್ಲಿ ಕುಂಡಿಗೆ ಬೆಂಕಿ ಬಿದ್ದಿರುತ್ತೆ! ಇನ್ನು ಯಾರಾದ್ರೂ “ಬಂದ್ಯಾ” ಅಂದ್ರೆ ಅಲ್ಲೇ ಎದೆ ಒಡ್ಕೊಂಡು ಸಾಯ್ತಿದ್ದೆ. ನಮ್ಮನೇಲಿ ಆಗ ಹನ್ನೊಂದು ಜನ. ಒಂಟಿಯಾಗಿ ಕೂರೋಣ ಅಂದ್ರೆ ಕಕ್ಕಸಿನ ಬಾಗಿಲೂ ಬಡೀತಿದ್ರು. ಅಲ್ವೇನೇ?’

‘ಬಾಗಿಲೆಲ್ಲಿತ್ತು? ಗೋಣಿಚೀಲ ಇತ್ತು’ ಎಂದಳು ಹೆಂಡತಿ.

ಗಿಣಿ ಚೀಲದಿಂದ ಫೋನ್ ತೆಗೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳುವ ಮೊದಲೇ ಆ ರೆಕಾರ್ಡು ಹುಡುಕತೊಡಗಿದಳು. ಆ ಜಾಗ ಸಿಕ್ಕಿತು. ‘ಹಗಲು ಹನ್ನೆರಡು ಗಂಟೆ. ಎಲ್ರೂ ಕೆಲಸಕ್ಕೆ ಹೋಗಿರ್ತಾರೆ’ ಎಂದಿತು ದೊಡ್ಡಪ್ಪನ ದನಿ. ಅದರ ಹಿಂದೆಯೇ ಹೊಲಿಗೆ ಯಂತ್ರ ಶುರುವಾಯಿತು. ಟರ್ರ್ ಎಂದು, ನಲವತ್ತು ಸೆಕೆಂಡು. ಅದರ ಅಡಿಯಲ್ಲಿ ಗಂಡಸಿನ ದನಿಯೊಂದು ಏನೋ ಗೊಣಗುತ್ತಿತ್ತು. ಏನು ಎಂಬುದು ಆ ಬ್ರಹ್ಮನಿಗೂ ತಿಳಿಯದು. ಯಂತ್ರ ನಿಂತಾಗ ಮಾತು ಬೇರೆಲ್ಲಿಗೋ ಹೋಗಿತ್ತು.

ಹೆಂಡತಿ ಕಿವಿಗೊಟ್ಟು ಕೇಳಿ, ‘ನೀಲಿ ದಾರ ಮುಗೀತು, ತರ್ಲಾ ಅಂತ ನನ್ನ ಕೇಳ್ತಿದಾರೆ. ಆವತ್ತು ಆ ಡೆಂಟಿಸ್ಟಿನ ಸೋಫಾ ಹೊಲೀತಿದ್ವಲ್ಲ’ ಎಂದಳು.

ಅಂದು ಮನೆಯಲ್ಲಿ ಏನಾಗಿತ್ತೆಂದು ಗಿಣಿಗೆ ಹೊಳೆಯಿತು. ಊಟದ ಮೇಜಿನ ಮುಂದೆ, ದೊಡ್ಡಪ್ಪನ ದನಿ ಹಿಡಿದು ಭರ್ರನೆ ಹೋಗುತ್ತಿದ್ದವಳು, ಯಂತ್ರದ ಸದ್ದು ಬಂದಾಗ ನಿಲ್ಲಿಸಲೇ ಇಲ್ಲ. ದನಿ ಅವನದು, ಮಾತು ಯಾರದೆಂದು ಕೇಳುವವರು ಅಲ್ಲಿ ಯಾರಿದ್ದರು?

‘ಮನೇಲಿ ಯಾರ್ಯಾರಿದೀರಮ್ಮ?’ ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

‘ನಾನೊಬ್ಳೇ. ಅಮ್ಮ ಇದ್ರು. ಹೋಗಿ ಮೂರು ವರ್ಷ ಆಯ್ತು.’

ದೊಡ್ಡಪ್ಪ ಮೊಳೆಗಳನ್ನು ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು, ಪೆನ್ನಿಗೆ ಕೈ ಚಾಚಿದ. ‘ಕೊಡಿಲ್ಲಿ. ಸೈನ್ ಹಾಕ್ತೀನಿ. ಒಳ್ಳೇ ಮಾತು ಕಣಮ್ಮ ಅದು. ನಾನೇ ಹೇಳ್ದೆ ಅಂತಿಟ್ಕೋ.’

‘ನೀವು ಹೇಳಿಲ್ವಲ್ಲ ದೊಡ್ಡಪ್ಪ.’

‘ಅದಕ್ಕೇನೀಗ? ನನ್ನ ಹಿಡಿದ ಇನ್‌ಸ್ಪೆಕ್ಟ್ರೂ ನಿನ್ನಂಗೇ ಎದುರಿಗೆ ಕೂತು, ಚಹಾ ತರ್ಸಿಕೊಟ್ಟು, ನನ್ ಹೇಳಿಕೆ ಓದಿ ಹೇಳ್ದ. ನಾನು ಕದ್ದಿದ್ದು ಏಳು ಮನೆ. ಅವನು ಓದಿದ್ದು ಹನ್ನೊಂದು. ನಾಲ್ಕು ಅವನದು. ಹಾಕಿದ್ನಲ್ಲ ಸೈನು? ಇದೊಂದು ಮಾತು ಭಾರ ಆಗುತ್ತಾ? ನಮ್ಮಂಥೋರು ಓದಿ ಹೇಳಿದ್ದಕ್ಕೆಲ್ಲ ಸೈನ್ ಹಾಕ್ತೀವಮ್ಮ. ಅಭ್ಯಾಸ.’

ಅವನು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ತನ್ನಲ್ಲಿಗೆ ಬಂದ ಹುಡುಗಿಗೆ ಕೊಡಲು ಕೈಯಲ್ಲಿದ್ದದ್ದನ್ನು ಕೊಡುತ್ತಿದ್ದ, ಅಷ್ಟೆ. ಗಿಣಿ ಪೆನ್ನು ಕೊಡಲಿಲ್ಲ. ಆ ಪುಟವನ್ನು ಕಟ್ಟಿನಿಂದ ತೆಗೆದು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಉಳಿದ ಪುಟಗಳನ್ನು ಅಣಕಿಸದೆ, ತನ್ನ ಸಣ್ಣ ದನಿಯಲ್ಲಿ, ಮೊದಲಿನಿಂದ ಇನ್ನೊಮ್ಮೆ ಓದಿದಳು. ಈ ಸಲ ದೊಡ್ಡಪ್ಪ ಆರು ಕಡೆ ‘ಹಂಗಲ್ಲ’ ಎಂದ.

ಮರುದಿನ ಪ್ರೊಫೆಸರು ಫೋನಿನಲ್ಲೇ ಸಿಕ್ಕಿದರು. ರೈಲು ನಿಲ್ದಾಣದ ಗದ್ದಲ ಅವರ ಬೆನ್ನಿಗಿತ್ತು.

‘ಸಹಿ ಹಾಕ್ತೀನಿ ಅಂದ್ನಾ ಇಲ್ವಾ?’

‘ಅಂದ್ರು ಸರ್.’

‘ಮತ್ತಿನ್ನೇನು ನಿನ್ನ ಗೋಳು? ಅವನೇ ಒಪ್ಪಿದಾನೆ. ನಿಯಮ ಕೇಳೋದೂ ಅಷ್ಟನ್ನೇ.’

‘ಅವರ ಮಾತಲ್ಲ ಸರ್ ಅದು. ಯಂತ್ರದ ಸದ್ದಿತ್ತು.’

‘ನೋಡಮ್ಮ, ಆ ಮಾತು ತೆಗೆದ್ರೆ ನಾಲ್ಕನೇ ಅಧ್ಯಾಯ ಇಲ್ಲ. ನಾಲ್ಕನೇ ಅಧ್ಯಾಯ ಇಲ್ಲ ಅಂದ್ರೆ ನೀನೂ ಇಲ್ಲ. ಎಂಟು ದಿನದಲ್ಲಿ ತೊಂಬತ್ತು ಪುಟ ಎಲ್ಲಿಂದ ತರ್ತೀಯ?’

‘ತರಲ್ಲ ಸರ್. ಇನ್ನೂ ಹದಿನೇಳು ರೆಕಾರ್ಡಿವೆ. ಅವನ್ನೂ ಮತ್ತೆ ಕೇಳ್ಬೇಕು.’

‘ಅವಕ್ಕೆ ಸಹಿ ಆಗಿದೆಯಲ್ಲ!’

‘ಅದಕ್ಕೇ ಸರ್’ ಎಂದಳು ಗಿಣಿ. ಅವರಿಗೆ ಅರ್ಥವಾಗಲಿಲ್ಲ. ರೈಲು ಬಂತು, ಫೋನು ಹೋಯಿತು.

ಗಡುವಿನ ದಿನ ಬಂದು ದಾಟಿತು. ಕಚೇರಿಯಿಂದ ಎರಡು ಸಾಲಿನ ಪತ್ರ ಬಂತು. ಕಿಟಕಿ ಪಕ್ಕದ ಮೇಜನ್ನು ವಾರದೊಳಗೆ ತೆರವು ಮಾಡಬೇಕೆಂದು ಅದರಲ್ಲಿತ್ತು, ಮಾಡಿದಳು. ವಿಭಾಗದಲ್ಲಿ ‘ಪಂಜರ ಬಿಟ್ಟ ಗಿಣಿ’ ಎಂದು ಯಾರೋ ಜೋಕು ಹೊಡೆದರಂತೆ. ಸುಮಾರಾದ ಜೋಕು ಎಂದು ಅವಳಿಗೂ ಅನಿಸಿತು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತು ಹೆಡ್‌ಫೋನ್ ಸಿಕ್ಕಿಸಿಕೊಂಡಳು. ತುಟಿ ಅಲುಗದಿರಲೆಂದು ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಮೊದಲನೆಯದು ಸೈಲೆಂಟಿನದು. ಬರೆದಿಟ್ಟದ್ದನ್ನು ಸಾಲುಸಾಲಾಗಿ ಕಿವಿಗೆ ಹಿಡಿದು ನೋಡಿದಳು. ಸೈಲೆಂಟಿನ ಮಾತು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಇರದೇ ಇದ್ದದ್ದು ಅವಳದು. ತನ್ನ ಪ್ರಶ್ನೆಗಳನ್ನು ಅವಳು ಎಲ್ಲೂ ಬರೆದುಕೊಂಡಿರಲಿಲ್ಲ. ತನ್ನ ದನಿ ಬಂದಲ್ಲೆಲ್ಲ ಮುಂದಕ್ಕೆ ಓಡಿಸುತ್ತಿದ್ದಳು. ಅದನ್ನೇನು ಅಣಕಿಸುವುದು ಎಂದು.

ಐವತ್ತನೇ ನಿಮಿಷದಲ್ಲಿ ಸೈಲೆಂಟು ಕುರ್ಚಿ ಸರಿಸಿ ಎದ್ದ ಸದ್ದಾಯಿತು. ‘ಅಷ್ಟೇ ಮೇಡಂ, ಇನ್ನೇನಿಲ್ಲ. ಬರ್ಲಾ?’

ಆಮೇಲೊಂದು ಹೆಣ್ಣುದನಿ. ಯಾರದೆಂದು ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಮಿಮಿಕ್ರಿಯವರು ಯಾರೂ ಹಿಡಿಯಲಾರದಷ್ಟು ಸಾದಾ ದನಿ.

ಗಿಣಿ ಬಾಯಿಂದ ಕೈ ತೆಗೆದು, ಹೊಸ ಸಾಲಿಗೆ ಹೋಗಿ, ಕೇಳಿಸಿದ್ದನ್ನು ಕೇಳಿಸಿದಂತೆಯೇ ಟೈಪ್ ಮಾಡಿದಳು:

‘ಸಂಶೋಧಕಿ: ಇನ್ನೊಂಚೂರು ಹೊತ್ತು ಕೂತ್ಕೊಳ್ಳಿ. ಏನಾದ್ರೂ ಮಾತಾಡಿ, ಪರ್ವಾಗಿಲ್ಲ.’