ಬಹಮನ್ ತಿಂಗಳ ಅರ್ಜಿ

"ಒಂದೇ ಒಂದು ಸಲ ಕಣ್ಣಾಡಿಸಿಬಿಡಿ ಮೇಡಂ. ನೀವು ನೋಡಿದ್ರೆ ನನಗೆ ಧೈರ್ಯ," ಎನ್ನುತ್ತ ಮಾನಸಾ ತನ್ನ ಉಪನ್ಯಾಸದ ನಾಲ್ಕು ಹಾಳೆಗಳನ್ನು ಅಹಲ್ಯಾಳ ಕೈಗೆ ತುರುಕಿ, ಪ್ರೊಜೆಕ್ಟರಿನ ವೈರು ಹುಡುಕಲು ಪತ್ರಾಗಾರದ ಸಭಾಂಗಣದೊಳಕ್ಕೆ ಓಡಿದಳು. ಉಪನ್ಯಾಸಕ್ಕೆ ಇನ್ನು ಅರ್ಧ ಗಂಟೆಯಿತ್ತು.

ಅಹಲ್ಯಾ ವರಾಂಡದ ಬೆಂಚಿನ ಮೇಲೆ ಕುಳಿತು ಹಾಳೆ ಬಿಡಿಸಿದಳು. ಓದುವ ಮನಸ್ಸಿರಲಿಲ್ಲ, ತಪ್ಪು ಹುಡುಕುವ ಮನಸ್ಸಿತ್ತು. ಇರದೇ ಏನು? ನಾರಾಯಣಗೂಡದ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿದವಳು ಅವಳು. ಪತ್ರಾಗಾರದವರು ಬೇಸಿಗೆಯಲ್ಲಿ ಶಿಕ್ಷಕರಿಗೆ ನಡೆಸುವ ಕಮ್ಮಟಕ್ಕೆ ಹನ್ನೊಂದು ವರ್ಷ ಒಂದೂ ತಪ್ಪಿಸದೆ ಬಂದು, ಧೂಳಿಗೆ ಸೀನುತ್ತ ಸೀನುತ್ತ ಹಳೆಯ ಕಾಗದ ಓದುವುದನ್ನು ಕಲಿತವಳು. ಕಲಿತದ್ದನ್ನು ಯಾರಿಗೂ ಹೇಳಿಕೊಟ್ಟವಳಲ್ಲ ಅನ್ನುವುದೂ ನಿಜವೇ. ಬೆವರು ಸುರಿಸಿ ಗಳಿಸಿದ ವಿದ್ಯೆಯನ್ನು ಪುಕ್ಕಟೆ ಹಂಚುವುದೇಕೆ? ಕಮ್ಮಟಕ್ಕೆ ಬಂದ ಒಬ್ಬರಿಂದ ಪ್ರತಿ ವರ್ಷ ಸಾರ್ವಜನಿಕ ಉಪನ್ಯಾಸ ಮಾಡಿಸುತ್ತಾರೆ. ಆ ದಿನಕ್ಕೆಂದು ಎಲ್ಲವನ್ನೂ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಈ ಸಲ ಉಪನ್ಯಾಸ ಕನ್ನಡದಲ್ಲಿ ಎಂದಾಗ ಇಳಕಲ್ ಸೀರೆಗೆ ಇಸ್ತ್ರಿಯನ್ನೂ ಮಾಡಿಸಿದ್ದಳು.

ಬಂದದ್ದು ಮಾನಸಾಳ ಹೆಸರು. ನಿನ್ನೆ ಮೊನ್ನೆ ಶಾಲೆಗೆ ಸೇರಿದ ಹುಡುಗಿ, ಕಮ್ಮಟಕ್ಕೆ ಬಂದದ್ದು ಒಂದೇ ಸಲ. ತಂದೆ ಮೈಸೂರು ಕಡೆಯಿಂದ ಬಂದು ಕುಷಾಯಿಗೂಡದ ಕಾರ್ಖಾನೆಯಲ್ಲಿದ್ದವರು, ಗಂಡ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯವನು. ಕಮ್ಮಟದಲ್ಲಿ ಅವಳ ಮೇಜಿಗೆ ಬಂದ ಮೊದಲ ಕಟ್ಟಿನಲ್ಲೇ, ಬೀದರ್ ಕಡೆಯ ಹಳ್ಳಿಯವರು ಹೆಣ್ಣುಮಕ್ಕಳಿಗೆ ಶಾಲೆ ಬೇಕೆಂದು ಬರೆದ ಕನ್ನಡದ ಅರ್ಜಿ ಸಿಕ್ಕಿತ್ತು. ಹನ್ನೊಂದು ವರ್ಷ ಹುಡುಕಿದವಳಿಗೆ ಬರೀ ಗೆದ್ದಲು ತಿಂದ ಕಂದಾಯದ ಕಾಗದ! ಗಂಡನ ಲ್ಯಾಪ್‌ಟಾಪು ಹೊತ್ತು ತಂದು ಮಾನಸಾ ಅದನ್ನು ಪರದೆಯ ಮೇಲೆ ತೋರಿಸಿದಾಗ ನಿರ್ದೇಶಕ ಹನುಮಂತರಾಯರು ಕರಗಿಹೋಗಿದ್ದರು.

"ಈಗಿನ ಕಾಲಕ್ಕ ಹಿಂಗ ತೋರಿಸ್ಬೇಕ್ರಿ ಅಹಲ್ಯಾಬಾಯಿ. ಇಲ್ಲಾಂದ್ರ ಮಂದಿ ಕುಂಡ್ರಂಗಿಲ್ಲ," ಎಂದು ಅವಳಿಗೇ ಹೇಳಿದ್ದರು.

ಎರಡನೆಯ ಹಾಳೆಯಲ್ಲಿ, ಅರ್ಜಿಯ ತಾರೀಖಿನ ಮೇಲೆ ಅಹಲ್ಯಾಳ ಬೆರಳು ನಿಂತಿತು. 'ಬಹಮನ್ ೫, ೧೩೪೭. ಅಂದರೆ ಕ್ರಿ.ಶ. ೧೯೨೮.'

ನಿಜಾಮರ ಕಾಲದ ಕಾಗದಗಳಲ್ಲಿ ಎರಡು ಬಗೆಯ ವರ್ಷಗಳು ಬರುತ್ತವೆ, ಹಿಜರಿ ಒಂದು, ಸರ್ಕಾರಿ ಕಚೇರಿಗಳ ಫಸಲಿ ಇನ್ನೊಂದು. ತಿಂಗಳ ಹೆಸರು ನೋಡಿದರೆ ಯಾವುದೆಂದು ತಿಳಿಯುತ್ತದೆ. ಬಹಮನ್ ಎಂದರೆ ಕಣ್ಣು ಮುಚ್ಚಿ ಫಸಲಿ. ಹುಡುಗಿ ಅದನ್ನು ಹಿಜರಿ ಎಂದು ಎಣಿಸಿ ಒಂಬತ್ತು ವರ್ಷ ಹಿಂದಕ್ಕೆ ತಳ್ಳಿದ್ದಳು. ಪರದೆಯ ಮೇಲೂ ಅದೇ ಇಸವಿ ಮೂಡುವುದಿತ್ತು.

ಮಾನಸಾ ಏದುಸಿರು ಬಿಡುತ್ತ ಬಂದಳು. "ಹೇಗಿದೆ ಮೇಡಂ? ತಾರೀಖು, ಇಸವಿ ಎಲ್ಲಾ?"

"ಛಲೋ ಬರ್ದೀರಿ. ಎಲ್ಲಾ ಸರಿ ಐತಿ, ಹೋಗ್ರಿ," ಎಂದಳು ಅಹಲ್ಯಾ. ಆಮೇಲೆ, ಸುಳ್ಳೇಕೆ, ಹಾಯೆನ್ನಿಸಿತು.

ಸಭಾಂಗಣ ತುಂಬಿತ್ತು. ಮಾನಸಾ ಚೆನ್ನಾಗಿಯೇ ಮಾತಾಡಿದಳು. ಪರದೆಯ ಮೇಲೆ ಅರ್ಜಿ ದೊಡ್ಡದಾಗಿ ಮೂಡಿ, ಹಳ್ಳಿಯವರ ಹೆಬ್ಬೆಟ್ಟಿನ ಗುರುತುಗಳು ಕಂಡಾಗ ಜನ ಮುಂದಕ್ಕೆ ಬಾಗಿದರು. ಅಹಲ್ಯಾ ಮಾತ್ರ ಕಾಯುತ್ತಿದ್ದಳು. ಯಾರಾದರೂ ಎದ್ದು ನಿಲ್ಲಲಿ, ಈ ಹುಡುಗಿ ತೊದಲಲಿ, ಹನುಮಂತರಾಯರು ನೋಡಲಿ.

ಎದ್ದು ನಿಂತವರು ಅಮೃತಪ್ಪ, ಹಿಂದೆ ತಹಶೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮುದುಕ. "ತಂಗಿ, ಬಹಮನ್ ಅಂದ್ರ ಫಸಲಿ ತಿಂಗಳಾ ನೋಡವಾ. ಹಿಜರಿದಾಗ ಅದು ಎಲ್ಲಿಂದ ಬಂತು?"

ಮಾನಸಾ ಪರದೆ ನೋಡಿದಳು, ಹಾಳೆ ನೋಡಿದಳು. ತೊದಲಲಿಲ್ಲ. "ಇಲ್ಲ ಸಾರ್, ಸರಿಯಾಗೇ ಇರಬೇಕು. ಅಹಲ್ಯಾ ಮೇಡಂ ನೋಡಿದ್ದಾರೆ. ಹನ್ನೊಂದು ವರ್ಷದಿಂದ ಇವನ್ನೇ ಓದ್ತಿದ್ದಾರೆ. ಅವರ ಕಣ್ಣಿಗೆ ತಪ್ಪು ಬೀಳದೇ ಇರುತ್ತಾ?"

ಅಷ್ಟೂ ತಲೆಗಳು ಅಹಲ್ಯಾಳತ್ತ ತಿರುಗಿದವು. ಹುಡುಗಿಯ ಮುಖದಲ್ಲಿ ಕುಹಕ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲ್ಲಿ ಇದ್ದದ್ದು ಬರೀ ನಂಬಿಕೆ. ಬಾಯಿಗೆ ಬಿದ್ದ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಗೊತ್ತಿತ್ತು ಎಂದರೆ ತನ್ನ ವಿದ್ಯೆ ಉಳಿಯುತ್ತದೆ, ಮಾನ ಹೋಗುತ್ತದೆ. ಗೊತ್ತಿರಲಿಲ್ಲ ಎಂದರೆ ಹನ್ನೊಂದು ವರ್ಷವೇ ಹೋಗುತ್ತದೆ.

ಅಹಲ್ಯಾ ಎದ್ದು ನಿಂತಳು. "ನನಗೂ ತಿಳೀಲಿಲ್ರಿ," ಎಂದಳು.

"ಅಯ್ಯ ಅಕ್ಕೋರ! ನೀವು ನಮ್ಮ ಕಲಬುರಗಿ ಕಡೆಯವ್ರಾಗಿ ಫಸಲಿ ಗೊತ್ತಿಲ್ಲಂದ್ರ ಹೆಂಗ್ರಿ?" ಎಂದರು ಅಮೃತಪ್ಪ. ಹಿಂದಿನ ಸಾಲಿನವರು ನಕ್ಕರು. ಹನುಮಂತರಾಯರು ನಗಲಿಲ್ಲ, ತಲೆ ತಗ್ಗಿಸಿ ಏನೋ ಬರೆದುಕೊಂಡರು. ಅಷ್ಟರಲ್ಲಿ ಮಾನಸಾ ಮುದುಕರನ್ನು ಕೇಳಿಕೊಂಡು, ಎಲ್ಲರೆದುರಿಗೇ ಲ್ಯಾಪ್‌ಟಾಪಿನಲ್ಲಿ ನಾಲ್ಕು ಅಂಕಿ ಒತ್ತಿ ಪರದೆಯ ಇಸವಿಯನ್ನು ೧೯೩೭ ಮಾಡಿದಳು. "ತಪ್ಪು ತಿದ್ದೋದು ಹೇಗೆ ಅಂತಲೂ ಇವತ್ತು ನೋಡಿದ ಹಾಗಾಯ್ತು," ಎಂದಳು. ಜನ ಚಪ್ಪಾಳೆ ತಟ್ಟಿದರು.

ಚಹಾದ ಹೊತ್ತಿಗೆ ಅವಳು ಎರಡು ಕಪ್ಪು ಹಿಡಿದು ಅಹಲ್ಯಾಳನ್ನೇ ಹುಡುಕಿಕೊಂಡು ಬಂದಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ನನ್ನಿಂದ ನಿಮಗೆ ಮಾತು ಬಂತು. ಆ ಅಜ್ಜನ ಹತ್ರ ಲೆಕ್ಕ ಕೇಳ್ಕೊಂಡು ಬಂದೆ, ತುಂಬಾ ಸುಲಭ. ಬರ್ಕೊಳ್ತೀರಾ?"

ಅಹಲ್ಯಾ ಚೀಲದಿಂದ ನೋಟುಪುಸ್ತಕ ತೆಗೆದಳು, ಪೆನ್ನಿನ ಮುಚ್ಚಳ ಬಿಚ್ಚಿದಳು. "ಹೇಳ್ರಿ," ಎಂದಳು.

"ಫಸಲಿಗೆ ಐನೂರ ತೊಂಬತ್ತು ಕೂಡಿಸಿದ್ರೆ ಇಸವಿ."

ಅಹಲ್ಯಾ ನಿಧಾನವಾಗಿ ಬರೆದಳು. ಮಾನಸಾ ಬಗ್ಗಿ ಅಂಕಿ ನೋಡಿ, "ಹಾಂ, ಸರಿಯಾಗಿದೆ," ಎಂದಳು.