ಕಾಲುಚೀಲದೊಳಗೆ ಮುಚ್ಚಿಟ್ಟದ್ದು

ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುವ ಅವಳನ್ನು ಎಲ್ಲರೂ ಚುಕ್ಕಿಯಕ್ಕ ಎನ್ನುತ್ತಿದ್ದರು. ಒಂದು ಚುಕ್ಕಿ ತಪ್ಪಿದರೂ ಅವಳ ಕಣ್ಣು ಬಿಡುತ್ತಿರಲಿಲ್ಲ. ಆ ಬೆಳಿಗ್ಗೆ ಅವಳ ಮುಂದಿದ್ದದ್ದು ವಾರದ ‘ನಿಮಗಿದು ಗೊತ್ತೇ?’ ಪುಟ. ಒಂದು ಗಂಟೆಯೊಳಗೆ ಮುಗಿದುಹೋದ ಯುದ್ಧ, ಎರಡು ಖಂಡಗಳ ಮೇಲೆ ಕಾಲು ಚಾಚಿ ಕೂತ ನಗರ. ಮೂರನೆಯದಕ್ಕೆ ಬಂದಾಗ ಪೆನ್ನು ನಿಂತಿತು.

ಫ್ರಾನ್ಸಿನ ದೊರೆಯ ಸಂಗೀತಗಾರನೊಬ್ಬ ತಾಳಕ್ಕೆ ನೆಲ ಕುಟ್ಟುತ್ತಿದ್ದ ಕೋಲು ತಪ್ಪಿ ಅವನದೇ ಕಾಲ್ಬೆರಳಿಗೆ ಬಡಿಯಿತಂತೆ. ಗಾಯ ಕೊಳೆಯಿತು. ಕುಣಿಯುವ ಕಾಲನ್ನು ಕತ್ತರಿಸಲು ಬಿಡೆನೆಂದು ಹಟ ಹಿಡಿದು ಸತ್ತನಂತೆ.

ಅವಳ ಅಣ್ಣ ಪಿಟೀಲು ಮೇಷ್ಟ್ರು, ಸಕ್ಕರೆ ಕಾಯಿಲೆಯವನು. ಎರಡು ವಾರದ ಹಿಂದೆ ಸ್ವರದ ಹಾಳೆ ಇಡುವ ಕಬ್ಬಿಣದ ಸ್ಟ್ಯಾಂಡ್ ಕಾಲ ಮೇಲೆ ಬೀಳಿಸಿಕೊಂಡಿದ್ದ. ಅಂದಿನಿಂದ ಸೆಕೆಯಲ್ಲೂ ಕಾಲುಚೀಲ ಬಿಚ್ಚಿರಲಿಲ್ಲ. ನಿನ್ನೆ ಅವನ ಕೋಣೆಯಲ್ಲಿ ನಾತ ಮೂಗಿಗೆ ಬಡಿದಾಗ, ಇಲಿ ಸತ್ತಿರಬೇಕೆಂದು ಕಪಾಟು ಸರಿಸಿ ನೋಡಿದ್ದಳು.

ಕರಡನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಓಡಿದಳು.

“ಕಾಲು ತೋರಿಸು.”

“ಪಾಠ ನಡೀತಿದೆ, ಕಾಣಲ್ವಾ?”

“ತೋರಿಸ್ತೀಯೋ, ನಾನೇ ಕಿತ್ತು ಬಿಸಾಕಲೋ?”

ಪಾಠಕ್ಕೆ ಬಂದಿದ್ದ ಹೆಂಗಸು ಪಿಟೀಲನ್ನು ಪೆಟ್ಟಿಗೆಗೆ ಸೇರಿಸಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದಳು. ಕಾಲುಚೀಲ ಗಾಯಕ್ಕೆ ಕಚ್ಚಿಕೊಂಡಿತ್ತು. ಉಗುರುಬೆಚ್ಚಗಿನ ನೀರು ಸುರಿದು ಬಿಡಿಸಬೇಕಾಯಿತು. ಹೆಬ್ಬೆರಳು ಇದ್ದಿಲಿನಂತೆ ಕಪ್ಪಾಗಿತ್ತು. ಕೆಂಪು ಬಾವು ಪಾದದ ಅರ್ಧಕ್ಕೇರಿತ್ತು.

“ಇಷ್ಟಾದ್ರೂ ಬಾಯಿ ಬಿಡ್ಲಿಲ್ವಲ್ಲೋ!”

“ನೋವಿದ್ದಿದ್ರೆ ಹೇಳ್ತಿರ್ಲಿಲ್ವೇನೆ? ನೋವೇ ಇಲ್ಲ ಅಂತ ಸುಮ್ಮನಿದ್ದೆ.”

ಆಸ್ಪತ್ರೆಯಲ್ಲಿ ಶಸ್ತ್ರವೈದ್ಯೆ ಸುತ್ತಿಬಳಸಲಿಲ್ಲ. “ಇವತ್ತು ಬೆರಳು ತೆಗೆದ್ರೆ ಪಾದ ಉಳಿಸಬಹುದು. ನಾಳೆ ಅಂದ್ರೆ ನಾನು ಮಾತು ಕೊಡಲ್ಲ.”

ಅಣ್ಣ ಒಪ್ಪಿಗೆಯ ಕಾಗದವನ್ನು ಆಚೆ ತಳ್ಳಿದ. “ನಲವತ್ತು ವರ್ಷ ಈ ಕಾಲಲ್ಲೇ ತಾಳ ಹಾಕಿದ್ದೀನಿ ಡಾಕ್ಟ್ರೇ. ಮುಲಾಮು ಕೊಡಿ, ಸಾಕು.”

ಗೋಡೆಯ ಗಡಿಯಾರ ಎರಡು ದಾಟಿತ್ತು. ಅವನ ಮೈ ಕಾದ ಹೆಂಚಿನಂತಿತ್ತು. ಅತ್ತು ಕರೆದರೆ ಬಗ್ಗುವ ಆಸಾಮಿ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಕರಡು ತೆಗೆದು ಅವನ ಮಡಿಲಿಗೆ ಹಾಕಿದಳು. “ಮೂರನೇದು ಓದು.”

ಅವನು ಓದಿದ. ಮತ್ತೊಮ್ಮೆ ಓದಿದ. “ಇದು ನಿಜಾನಾ?”

“ನನ್ನ ಪುಟದಲ್ಲಿ ಸುಳ್ಳು ಬಿಟ್ಟಿದ್ದೀನಾ ಯಾವತ್ತಾದ್ರೂ?”

ಅವನು ಪೆನ್ನಿಗೆ ಕೈ ಚಾಚಿದ.

ಎರಡು ಗಂಟೆ ಅವಳು ಹೊರಗಿನ ಬೆಂಚಿನ ಅಂಚಿನಲ್ಲಿ ಕೂತಿದ್ದಳು. ಬಾಗಿಲು ಕಿರ್ರೆಂದಾಗಲೆಲ್ಲ ಎದ್ದು ನಿಲ್ಲುವಳು. ಬರುತ್ತಿದ್ದವರು ಬೇರೆ ಯಾರೋ. ಕೊನೆಗೆ ವೈದ್ಯೆಯೇ ಬಂದರು. “ಎರಡು ಬೆರಳು ಹೋಯ್ತು. ಪಾದ ಸದ್ಯಕ್ಕೆ ಉಳಿದಿದೆ.”

ಸಂಜೆ ಅಣ್ಣ ಕಣ್ಣು ಬಿಟ್ಟ. “ಎಷ್ಟು?”

“ಎರಡು.”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. “ಬೈಯೋದಿದ್ರೆ ಈಗಲೇ ಬೈದುಬಿಡು” ಎಂದ.

ಹೊದಿಕೆ ಸರಿಪಡಿಸುವ ನೆಪದಲ್ಲಿ ಬಗ್ಗಿದವಳು ಅಲ್ಲೇ ಮುಖವಿಟ್ಟು ಬಿಕ್ಕಿದಳು.