ಹೆಸರಿಗೊಂದು ಗೋಡೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರೆ. ಟ್ರಸ್ಟಿನವರು ಅಷ್ಟು ಹಗುರದ ಮಂದಿಯಲ್ಲ; ಕಲ್ಲನ್ನೇ ಕೆತ್ತಿಸಿಕೊಂಡು ವಿಮಾನ ಹತ್ತಿದ್ದರು. ಕರಿಕಲ್ಲು, ಬಂಗಾರದ ಬಣ್ಣದ ಅಕ್ಷರ, ಎರಡು ಕಂಬಳಿಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಮಲಗಿಸಿದ್ದರು. ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ, ಇವರೆಲ್ಲರ ತೀರಿಹೋದ ತಂದೆತಾಯಿಗಳು, ಹೀಗೆ ಹೆಸರುಗಳು ಇಳಿದು ಇಳಿದು ಬಂದು, ಕೊನೆಯಲ್ಲಿ ‘ವಿದ್ಯಾರ್ಥಿನಿ ನಿಲಯ’ ಅನ್ನುವುದಕ್ಕೆ ಜಾಗ ಸಾಲದೆ ‘ವಿ. ನಿಲಯ’ ಎಂದಾಗಿತ್ತು. ಮನೆಯೊಂದು ಇನ್ನೂ ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲ ಅನ್ನುವುದು ಅವರ ಮಾತು. ಸೊಸೆಯ ಲೆಕ್ಕದಲ್ಲಿ ಸಿಕ್ಕಿ ಆಗಿತ್ತು.

ಅಧ್ಯಕ್ಷರ ಸೊಸೆ ಆ ವಿಮಾನ ಇಳಿಯಲಿದ್ದ ಹೊರದೇಶದ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬಡ ಮನೆಯ ಆರು ಹುಡುಗಿಯರನ್ನು ಅಲ್ಲಿಯ ನರ್ಸಿಂಗ್ ಕಾಲೇಜಿಗೆ ಕಳಿಸುತ್ತೇವೆ, ವಸತಿಯೂ ನಮ್ಮದೇ ಎಂದು ಮಾವನವರು ವೇದಿಕೆಯ ಮೇಲೆ ಸಾರಿದಾಗ ಚಪ್ಪಾಳೆ ಅವರಿಗೆ ಬಿತ್ತು, ಮನೆ ಹುಡುಕುವ ಕೆಲಸ ಇವಳಿಗೆ ಬಿತ್ತು. ಹುಡುಗಿಯರು ಬಂದೂ ಬಿಟ್ಟರು. ಸದ್ಯಕ್ಕೆ ಆರೂ ಜನ ಅವಳ ಮನೆಯ ಹಾಲ್‌ನಲ್ಲಿ ಪೆಟ್ಟಿಗೆಯೊಳಗಿನ ಬೆಂಕಿಕಡ್ಡಿಗಳ ಹಾಗೆ ಸಾಲಾಗಿ ಮಲಗುತ್ತಿದ್ದರು. ಕಟ್ಟಡದ ಮಾಲೀಕ ಬಾಗಿಲು ತಟ್ಟಿ, ‘ಭಾನುವಾರದೊಳಗೆ ಅವರು ಹೊರಡಬೇಕು, ಇಲ್ಲದಿದ್ದರೆ ನೀವೂ ಹೊರಡಿ’ ಎಂದು ಹೇಳಿಹೋಗಿದ್ದ. ಸೋಮವಾರ ಕಾಲೇಜು ಶುರು. ಟ್ರಸ್ಟಿನವರು ಇಳಿದದ್ದು ಶನಿವಾರ. ಅಪ್ಪ ಬರುತ್ತಾರೆಂದು ತಿಳಿದ ಕೂಡಲೇ ಗಂಡನಿಗೆ ಬೇರೆ ಊರಿನಲ್ಲಿ ತುರ್ತು ಕೆಲಸ ಹುಟ್ಟಿಕೊಂಡಿತ್ತು. ಅದು ಪ್ರತಿ ಸಲವೂ ಹುಟ್ಟುತ್ತದೆ.

ಅವಳು ಗೊತ್ತುಮಾಡಿದ್ದ ಮನೆ ಬಸ್ ಓಡಿಸಿ ನಿವೃತ್ತಳಾದ ಹೆಂಗಸೊಬ್ಬಳದು. ಕೆಳಗೆ ಅವಳು, ಮೇಲೆ ನಾಲ್ಕು ಕೋಣೆ, ಅಡುಗೆಮನೆ, ಬಿಸಿನೀರು. ಕಾಲೇಜಿಗೆ ನಡೆದೇ ಹೋಗಬಹುದು. ಮೂವರು ಟ್ರಸ್ಟಿಗಳು ಹೆಣ್ಣು ನೋಡಲು ಬಂದ ಬೀಗರ ಗತ್ತಿನಲ್ಲಿ ಮೆಟ್ಟಿಲು ಹತ್ತಿದರು. ಖಜಾಂಚಿ ಸಿಕ್ಕ ನಲ್ಲಿಯನ್ನೆಲ್ಲ ತಿರುಗಿಸಿದ. ಅಧ್ಯಕ್ಷರು ಗೋಡೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ ಕಿವಿಯಿಟ್ಟರು. ಗೋಡೆ ಏನು ಹೇಳಿತೋ, ತಲೆದೂಗಿದರು. ಕಾರ್ಯದರ್ಶಿ ಅವರ ಹೆಂಡತಿಯ ತಮ್ಮ. ಅವನೂ ತಲೆದೂಗಿದ. ಸೊಸೆ ಮನಸ್ಸಿನಲ್ಲೇ ಅವನಿಗೆ ಇಟ್ಟ ಹೆಸರು ಹೌದುಭಾವ.

ರಸ್ತೆ ಕಡೆಯ ಕೋಣೆಯಲ್ಲಿ ದೊಡ್ಡ ಕಿಟಕಿ, ಎರಡು ಮಂಚ. ಅಧ್ಯಕ್ಷರು ಒಂದರ ಮೇಲೆ ಕೂತು ಎರಡು ಸಲ ಕುಪ್ಪಳಿಸಿದರು.

“ಇದು ಟ್ರಸ್ಟಿಗಳ ರೂಮಾಗಲಿ. ವರ್ಷಕ್ಕೊಮ್ಮೆ ಪರಿಶೀಲನೆಗೆ ಬರಬೇಕಲ್ಲ.”

“ಹೌದು ಭಾವ. ಪರಿಶೀಲನೆ ಇಲ್ದಿದ್ರೆ ಹೆಂಗೆ?”

“ಮಾವ, ಆರು ಹುಡುಗಿಯರಿಗೆ ಈ ನಾಲ್ಕು ರೂಮೂ ಬೇಕು,” ಅಂದಳು ಸೊಸೆ. “ಆ ಎರಡು ಚಿಕ್ಕವು, ಒಬ್ಬೊಬ್ಬರಿಗೇ ಆಗೋದು.”

“ಹೊಂದಾಣಿಕೆ ಕಲೀಲಿ ಬಿಡಮ್ಮ. ನಾವೆಲ್ಲ ಬೀದಿ ದೀಪದ ಕೆಳಗೆ ಓದಿದೋರು.”

ಮಾವನವರು ಓದಿದ್ದು ತಮ್ಮಪ್ಪನ ಎರಡಂತಸ್ತಿನ ಮನೆಯಲ್ಲಿ, ಟ್ಯೂಷನ್ ಮೇಷ್ಟ್ರು ಮನೆಗೇ ಬರುತ್ತಿದ್ದರು. ಬೀದಿ ದೀಪವನ್ನು ಅವರು ಮಹಡಿಯ ಮೇಲಿಂದ ನೋಡಿರಬಹುದು.

ಆಮೇಲೆ ಕಲ್ಲಿನ ಪ್ರಸ್ತಾಪ ಬಂತು. ಮುಂಬಾಗಿಲ ಪಕ್ಕದ ಗೋಡೆಗೆ ಕೂರಿಸಬೇಕು ಎಂದು ಸೊಸೆ ಆ ಭಾಷೆಗೆ ತಿರುಗಿಸಿ ಹೇಳಿದಳು. ಮನೆಯೊಡತಿ ಮೂವರನ್ನೂ, ಬಸ್ಸು ಹೊರಟ ಮೇಲೆ ಓಡಿಬಂದವರನ್ನು ನೋಡುವ ಹಾಗೆ, ನೋಡಿದಳು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವ ಹಾಗಿಲ್ಲ ಅಂದಳು.

“ಬೇಡ ಅಂತಿದಾಳಾ? ಯಾರ ಹೆಸರು ಅಂತ ಸರಿಯಾಗಿ ಹೇಳಿದ್ಯಾ?” ಖಜಾಂಚಿ ಕೇಳಿದ.

“ಹೇಳ್ದೆ. ಅವರ ಹೆಸರನ್ನೂ ಅವರು ಗೋಡೆ ಮೇಲೆ ಹಾಕ್ಕೊಂಡಿಲ್ವಂತೆ.”

“ಹಾಕ್ಕೊಳ್ಳೋಂಥ ಹೆಸರು ಇರಬೇಕಲ್ಲ!” ಎಂದು ಅಧ್ಯಕ್ಷರು ಎದ್ದರು. “ದಾನ ಮಾಡಿದ್ದು ಊರಿಗೆ ಕಾಣಬಾರದು ಅಂದ್ರೆ ಯಾಕೆ ಮಾಡಬೇಕು? ನಡೀರಿ.”

ಇಷ್ಟು ಪ್ರಾಮಾಣಿಕವಾದ ಮಾತನ್ನು ಮಾವನವರ ಬಾಯಲ್ಲಿ ಅವಳು ಮೊದಲ ಸಲ ಕೇಳಿದ್ದು.

ಹೌದುಭಾವನ ಜೇಬಿನಲ್ಲಿ ದಲ್ಲಾಳಿಯೊಬ್ಬನ ನಂಬರಿತ್ತು. ಆ ದಲ್ಲಾಳಿ ಅವರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಊರು ಮುಗಿದು, ಊರಿನ ನೆನಪೂ ಮುಗಿಯುವ ತನಕ ಓಡಿಸಿದ. ಹೆದ್ದಾರಿಯ ಬದಿಗೆ ಹಳೇ ಟಯರುಗಳ ಗೋದಾಮು, ಅದರ ಮೇಲೆ ಉದ್ದನೆಯ ಒಂದು ಅಂತಸ್ತು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಗೋಡೆಯ ತೇವದ ವಾಸನೆ. ಲಾರಿ ಹೋದಾಗಲೆಲ್ಲ ಒಲೆಯ ಮೇಲಿನ ಮುಚ್ಚಳ ತಾನಾಗಿ ಕುಣಿಯಿತು. ಬಸ್ ಸ್ಟಾಪ್ ಎಲ್ಲಿದೆಯೆಂದು ಸೊಸೆ ಕೇಳಿದ್ದಕ್ಕೆ ದಲ್ಲಾಳಿ ದಿಗಂತದ ಕಡೆಗೆ ಕೈ ತೋರಿಸಿದ.

ಆದರೆ ಗೋಡೆ! ಹೆದ್ದಾರಿಗೆ ಎದೆಯೊಡ್ಡಿ ನಿಂತಿದ್ದ, ಒಂದು ಕಿಟಕಿಯೂ ಇಲ್ಲದ ಬೋಳು ಗೋಡೆ. ಕಲ್ಲಲ್ಲ, ಬೇಕಿದ್ದರೆ ಬೆಟ್ಟವನ್ನೇ ತಂದು ನೇತುಹಾಕಿ ಅಂದ ದಲ್ಲಾಳಿ.

“ಲಾರಿಯವರೆಲ್ಲ ಓದ್ತಾರೆ,” ಎಂದು ಖಜಾಂಚಿ ಕಣ್ಣರಳಿಸಿದ.

“ಕನ್ನಡದಲ್ಲಿದೆಯಲ್ಲ, ಹೇಗೆ ಓದ್ತಾರೆ?” ಅಂದಳು ಸೊಸೆ.

“ಓದದಿದ್ರೂ ನೋಡ್ತಾರಮ್ಮ. ಗೌರವ ಅನ್ನೋದು ಕಣ್ಣಿಗೇ ಗೊತ್ತಾಗತ್ತೆ.”

“ಮಾವ, ಹುಡುಗಿಯರು ಕತ್ತಲಾದ ಮೇಲೆ ಡ್ಯೂಟಿ ಮುಗಿಸಿ ಈ ರಸ್ತೇಲಿ ನಡೆದು ಬರಬೇಕು. ನಿಮ್ಮ ಮಗಳಾಗಿದ್ರೆ ಇಲ್ಲಿಡ್ತಿದ್ರಾ?”

“ಎಲ್ಲದಕ್ಕೂ ಮಗಳನ್ನ ಯಾಕೆ ಎಳೀತೀಯ? ಪುಕ್ಕಟೆ ಸಿಗ್ತಿರೋದಕ್ಕೆ ಇಷ್ಟೆಲ್ಲ ರಾಗ ಬೇಡ. ಇದೇ ಆಯ್ತು. ಕಾಗದ ತೆಗೀರಿ.”

ದಲ್ಲಾಳಿ ಕಾಗದ ತೆಗೆದ. ಜೊತೆಗೆ ಒಂದು ಮಾತೂ ತೆಗೆದ. ನಿಮ್ಮ ಸಂಸ್ಥೆ ಇರುವುದು ಬೇರೆ ದೇಶದಲ್ಲಿ. ನಾಳೆ ಬಾಡಿಗೆ ನಿಂತರೆ ಬೋರ್ಡನ್ನು ಹಿಡಿದು ಕೇಳುವುದಕ್ಕಾಗುತ್ತದೆಯೆ? ಯಾರಾದರೂ ಒಬ್ಬರು ಸ್ವಂತ ಹೆಸರಿನಲ್ಲಿ, ಸ್ವಂತ ಜವಾಬ್ದಾರಿಯಲ್ಲಿ ಸಹಿ ಹಾಕಬೇಕು. ಇಲ್ಲಿ ಯಾರ ಮನೆಗೆ ಹೋದರೂ ಇದೇ ಪದ್ಧತಿ. ಸೊಸೆ ಇದನ್ನು ಕನ್ನಡಕ್ಕೆ ತಂದಳು. ಒಂದು ಪದವನ್ನೂ ಬಿಡದೆ, ಸ್ವಲ್ಪ ರುಚಿಯಾಗಿಯೇ ತಂದಳು.

ಆಗ ಆ ಕೋಣೆಯಲ್ಲಿ ವಿನಯ ತುಂಬಿ ತುಳುಕಿತು.

“ಸಂಸ್ಥೆ ಅಂದ್ರೆ ಖಜಾಂಚಿಗಳೇ ಅಲ್ವೆ?” ಅಂದರು ಅಧ್ಯಕ್ಷರು.

“ಛೆ ಛೆ, ನಾನೆಷ್ಟರವನು! ತಾವಿರೋವಾಗ ನನ್ನ ಹೆಸರು ಬಂದ್ರೆ ಚೆನ್ನಾಗಿರಲ್ಲ.”

“ನನಗೇನಪ್ಪ ಹೆಸರಿನ ಹುಚ್ಚೇ? ಜೊತೆಗೆ ಬಿ.ಪಿ. ಬೇರೆ. ಏನಯ್ಯ, ನೀನು ಹಾಕು.”

ಹುಟ್ಟಿದಂದಿನಿಂದ ಭಾವನಿಗೆ ಹೌದು ಎನ್ನುತ್ತಲೇ ಬಂದಿದ್ದ ಬಾಯಿ ಒಂದು ಕ್ಷಣ ತೆರೆದೇ ನಿಂತಿತು. “ಅಕ್ಕನ್ನ ಒಂದು ಮಾತು ಕೇಳಬೇಕು ಭಾವ,” ಎಂದಿತು.

ಕಲ್ಲಿನ ಮೇಲೆ ಯಾರದು ಮೊದಲು ಎಂದು ಮೂರು ಸಭೆ ನಡೆಸಿ, ಒಂದರಲ್ಲಿ ಕುರ್ಚಿ ಎತ್ತಿದ್ದ ಮಂದಿ ಇವರೇ. ಕಾಗದದ ಮೇಲೆ ಬರೆಯಬೇಕಾದಾಗ ಅದೇ ಹೆಸರುಗಳು ಹೊಸ ಸೊಸೆಯಂದಿರ ಹಾಗೆ ಬಾಗಿಲ ಹಿಂದೆ ನಿಂತವು. ಕೊನೆಗೆ ಮೂವರ ಕಣ್ಣೂ ಒಟ್ಟಿಗೆ ಹಳೇ ಸೊಸೆಯ ಕಡೆ ತಿರುಗಿದವು.

“ನಮ್ಮ ಹುಡುಗಿ ಇದಾಳಲ್ಲ!” ಅಂದರು ಮಾವ. “ಸೊಸೆ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಮಗಳೇ.”

ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಮಗಳನ್ನು ಎಳೆಯಬೇಡ ಅಂದಿದ್ದರು. ಅವಳು ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು.

“ಸಹಿಗಿಹಿ ಹಾಕಿಬಿಟ್ಟೀಯ ಮತ್ತೆ!” ಗಂಡ ಪಿಸುಗುಟ್ಟಿದ. “ಅಪ್ಪ ಆರು ತಿಂಗಳಿಗೆ ಈ ಟ್ರಸ್ಟು ಮರೆತು ಬೇರೆ ಏನೋ ಹಿಡ್ಕೋತಾರೆ. ಆಮೇಲೆ ನಿನ್ನ ಸಂಬಳಕ್ಕೇ ಕೈ.”

“ಹಾಗಾದ್ರೆ ನೀನೇ ಬಂದು ಬೇಡ ಅನ್ನು.”

ಆ ಕಡೆ ತುರ್ತು ಕೆಲಸ ಕರೆಯಿತು.

ಅವನು ಹೇಳಿದ್ದು ನಿಜವೇ. ಕರಾರು ಒಂದು ವರ್ಷದ್ದು; ಅಷ್ಟೂ ದಿನ ಮಾವನವರ ಮಾತಿಗೆ ಅವಳ ಸಂಬಳ ಅಡ. ಆ ಮಾತಿನ ಗಟ್ಟಿತನ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಾಲ್‌ನಲ್ಲಿ ಮಲಗಿದ್ದ ಆರು ಜನರಲ್ಲಿ ದೊಡ್ಡವಳು ಬೆಳಿಗ್ಗೆ ಕೇಳಿದ್ದಳು, “ಅಕ್ಕಾ, ಸಾಯಂಕಾಲ ಬಟ್ಟೆ ಬಿಚ್ಚಿಡಬಹುದಾ, ಇಲ್ಲ ಬ್ಯಾಗಲ್ಲೇ ಇರಲಾ?” ಸಂಜೆಗೆ ಹೇಳುತ್ತೇನೆ ಎಂದು ಬಂದಿದ್ದಳು. ಟಯರುಗಳ ರಾಶಿಯನ್ನು ಒಮ್ಮೆ ನೋಡಿ ಒಳಗೆ ಹೋದಳು.

“ಹಾಕ್ತೀನಿ ಮಾವ. ಆದರೆ ಇಲ್ಲಲ್ಲ. ಹೆಸರು ನಂದಾದ್ರೆ ಮನೆಯೂ ನಾನು ಹೇಳಿದ್ದೇ.”

“ಕಲ್ಲು?”

“ಕಲ್ಲು ಬೇಕಾದ್ರೆ ಈ ಕಾಗದಕ್ಕೆ ನೀವು ಸಹಿ ಹಾಕಿ. ಇಲ್ಲೇ ಇದೆ ಪೆನ್ನು.”

ಪೆನ್ನನ್ನು ಮೂವರೂ ಹಾವು ನೋಡಿದಂತೆ ನೋಡಿದರು. ಹಿಂದಕ್ಕೆ ಹೋಗುವಾಗ ಕಾರಿನಲ್ಲಿ, ಯಾರೂ ಏನೂ ಕೇಳದಿದ್ದರೂ, ಹೌದುಭಾವ ಅಭ್ಯಾಸಬಲದಿಂದ ಒಂದೆರಡು ಸಲ “ಹೌದು” ಅಂದ.

ಭಾನುವಾರ ಹುಡುಗಿಯರು ಬ್ಯಾಗು ಎಳೆದುಕೊಂಡು ಬಂದರು. ಬಸ್ ಓಡಿಸುತ್ತಿದ್ದ ಹೆಂಗಸು ಕರಾರು ಪತ್ರವನ್ನು ಊಟದ ಮೇಜಿನ ಮೇಲೆ ಹರಡಿ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿಸಿದಳು. ಅಧ್ಯಕ್ಷರು ರಸ್ತೆ ಕಡೆಯ ಕೋಣೆಯ ಮಾತನ್ನು ಮತ್ತೆ ಎತ್ತಿದರು.

“ಅದರಲ್ಲೂ ಇಬ್ಬರು ಹುಡುಗಿಯರು ಇರ್ತಾರೆ ಮಾವ. ಬಾಡಿಗೆದಾರಳು ನಾನು. ನೀವು ಪರಿಶೀಲನೆಗೆ ಬಂದಾಗ ಹೋಟೆಲಿನಲ್ಲಿ ಇಳ್ಕೊಳ್ಳಿ, ನಾನೇ ಬುಕ್ ಮಾಡ್ತೀನಿ.”

“ನೋಡಿದ್ರಾ,” ಎಂದು ಮಾವನವರು ಖಜಾಂಚಿಯ ಕಡೆ ತಿರುಗಿದರು. “ಸೊಸೆ ಯಾವತ್ತಿದ್ರೂ ಸೊಸೇನೇ.”

ಅವಳು ಸಹಿ ಹಾಕಿದಳು. ಮನೆಯೊಡತಿ ಬೀಗದ ಕೈಗಳ ಗೊಂಚಲನ್ನು ಅವಳ ಅಂಗೈಗೆ ಹಾಕಿದಳು. ಅಧ್ಯಕ್ಷರು ಕೂಡಲೇ ಎಲ್ಲ ಮರೆತು ಕೋಟು ಎಳೆದುಕೊಂಡು ಬಾಗಿಲಲ್ಲಿ ನಿಂತರು. ಖಜಾಂಚಿ ಅವರ ಬಲಕ್ಕೆ ನಿಂತ. ಹೌದುಭಾವ ಎದುರಿಗೆ ನಿಂತು, ಫೋನಿನ ಕ್ಯಾಮೆರಾ ತನ್ನ ಮುಖಕ್ಕೆ ತಿರುಗಿದ್ದನ್ನು ಆ ಕಡೆಗೆ ತಿರುಗಿಸಲು ಒದ್ದಾಡತೊಡಗಿದ.

“ಕೀ ನನ್ನ ಕೈಗೆ ಕೊಡಮ್ಮ. ನಾನು ಹುಡುಗಿಗೆ ಕೊಡ್ತೀನಿ. ನಿಧಾನಕ್ಕೆ, ಇಬ್ಬರೂ ಕ್ಯಾಮೆರಾ ಕಡೆ ನೋಡಬೇಕು.”

ಸೊಸೆ ಗೊಂಚಲನ್ನು ದೊಡ್ಡವಳ ಕೈಗೆ ಕೊಟ್ಟಳು. “ಬಟ್ಟೆ ಬಿಚ್ಚಿಡು, ಹೋಗು,” ಅಂದಳು.

“ಅಯ್ಯೋ, ಬರಲಿಲ್ಲ ಭಾವ!” ಹೌದುಭಾವ ಕೂಗಿದ. “ಏ ಹುಡುಗಿ, ವಾಪಸ್ ಕೊಡು. ಇನ್ನೊಂದ್ಸಲ ತಗೊ!”

ಹುಡುಗಿ ಆಗಲೇ ಮೆಟ್ಟಿಲು ಹತ್ತಿಯಾಗಿತ್ತು. ಮೇಲೆ ರಸ್ತೆ ಕಡೆಯ ಕೋಣೆಯಲ್ಲಿ ಯಾರೋ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆಯುವ ಸದ್ದು ಬಂತು. ಅಧ್ಯಕ್ಷರ ಕೈ ಮುಂದೆ ಚಾಚಿದಂತೆಯೇ ಇತ್ತು, ನಗು ಕೂಡ.